ಚಾರ್ಲಿ ಅಂದ್ರೆ ನಾನೇ!

ಮೊನ್ನೆ ಸಂಜೆ ಬೀದಿಯಲ್ಲಿ ನನ್ನ ಪಾಡಿಗೆ ನಾನು ನಡೆದು ಹೋಗ್ತಾ ಇದ್ದೆ. ಹಿಂದಿನಿಂದ ಯಾರೋ "ಚಾರ್ಲೀ... ಬಾರೇ ಇಲ್ಲಿ!" ಅಂತ ಕೂಗಿದರು. ಗಕ್ಕನೆ ನಿಂತು ತಿರುಗಿದೆ. ಹತ್ತು ವರ್ಷದ ಒಬ್ಬ ಹುಡುಗ. ಅವನ ಮುಂದೆ ಬಾಲ ಅಲ್ಲಾಡಿಸುತ್ತಾ ಒಂದು ಹೆಣ್ಣು ನಾಯಿಮರಿ!

"ನಿಮ್ಮನ್ನಲ್ಲ ತಾತಾ, ಇದನ್ನ!" ಅಂತ ಹುಡುಗ ಕಿಸಕ್ಕನೆ ನಕ್ಕ.

ನಗುವಂಥದ್ದೇ ಬಿಡಿ. ಆದರೆ ನಾನೂ ಚಾರ್ಲಿಯೇ ಸ್ವಾಮಿ! ಅಪ್ಪ ಇಟ್ಟ ಹೆಸರು ಚನ್ನಕೇಶವ. ಚಾರ್ಲಿ ಅಂತ ಇಟ್ಟವನು ನಂಜುಂಡ, ನಮ್ಮ ನಂಜ. ಆ ಕಥೆ ಆಮೇಲೆ ಹೇಳ್ತೀನಿ.

ನಾಯಿಗೆ ಹೆಸರು ಎಲ್ಲಿಂದ ಬಂತು ಅಂತ ಓದುಗರಿಗೆ ಹೇಳಬೇಕಾಗಿಲ್ಲ. ಕಿರಣ್‌ರಾಜ್ ನಿರ್ದೇಶಿಸಿ, ರಕ್ಷಿತ್ ಶೆಟ್ಟಿ ನಟಿಸಿದ 2022ರ "777 ಚಾರ್ಲಿ". ಹೆಣ್ಣು ನಾಯಿಗೆ ಗಂಡು ಹೆಸರೇ ಅಂತೀರಾ? ಇಂಗ್ಲಿಷಿನವರಲ್ಲಿ ಅದಕ್ಕೂ ದಾರಿಯಿದೆ. ಗಂಡಸು ಚಾರ್ಲ್ಸ್ ಆದರೂ ಚಾರ್ಲಿ, ಹೆಂಗಸು ಶಾರ್ಲೆಟ್ ಆದರೂ ಚಾರ್ಲಿ. ನಮ್ಮ ಕೃಷ್ಣಮೂರ್ತಿ ಕಿಟ್ಟಿಯಾದ ಹಾಗೆ, ನಾರಾಯಣ ನಾಣಿಯಾದ ಹಾಗೆ. ಕೊನೆಗೊಂದು 'ಇ' ಹಚ್ಚಿದರೆ ಸಾಕು, ಕೋಟು ಬಿಚ್ಚಿಟ್ಟು ಬನಿಯನ್ನಿನಲ್ಲಿ ಜಗಲಿ ಮೇಲೆ ಕೂತಂತೆ!

ಚಾರ್ಲ್ಸ್ ಅನ್ನುವುದರ ಮೂಲ ಹಳೆಯ ಜರ್ಮನ್ ಕಡೆಯ ಮಾತು. ಯಾರ ಆಳೂ ಅಲ್ಲದ ಸ್ವತಂತ್ರ ಮನುಷ್ಯ ಅಂತ ಅರ್ಥ. ರಾಜರಿಗೆಲ್ಲ ಇಟ್ಟ ಹೆಸರು. ಅದೇ ಹೆಸರು ಚಾರ್ಲಿಯಾದಾಗ ಏನೇನು ಪಾಡುಪಟ್ಟಿತು ನೋಡಿ. ಇಂಗ್ಲೆಂಡಿನಲ್ಲಿ ಯಾರನ್ನಾದರೂ 'ಒಳ್ಳೇ ಚಾರ್ಲಿ' ಅಂದರೆ ಶುದ್ಧ ಪೆದ್ದ ಅಂತ ಬೈಗುಳ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸಿಪಾಯಿಗಳಿಗೆ ಕಾಡಿನಲ್ಲಿ ಅಡಗಿದ ಶತ್ರುವೇ ಚಾರ್ಲಿ. ವಿಯೆಟ್‌ಕಾಂಗ್ ಅನ್ನುವುದರ ಎರಡು ಅಕ್ಷರ 'ವಿ' ಮತ್ತು 'ಸಿ' ವೈರ್‌ಲೆಸ್ ಭಾಷೆಯಲ್ಲಿ 'ವಿಕ್ಟರ್ ಚಾರ್ಲಿ' ಆಗಿ, ಕೊನೆಗೆ ಬರೀ ಚಾರ್ಲಿ ಉಳಿಯಿತು. ಒಂದೇ ಹೆಸರು: ಒಬ್ಬರ ಬಾಯಲ್ಲಿ ಮುದ್ದು, ಇನ್ನೊಬ್ಬರ ಬಾಯಲ್ಲಿ ಗುದ್ದು!

ನನಗೆ ಬಂದದ್ದು ಗುದ್ದಾಗಿಯೇ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ನನ್ನ ಬಲಗಾಲು ಹೊರಕ್ಕೆ ತಿರುಗಿತ್ತು. ಹೈಸ್ಕೂಲಿನಲ್ಲಿ ನಂಜ ಒಂದು ದಿನ "ಚಾರ್ಲಿ ಬಂದ ಕಣ್ರೋ!" ಅಂದ. ಇಡೀ ಕ್ಲಾಸೇ ನಕ್ಕಿತು. ಆಮೇಲೆ ಮೇಷ್ಟರೂ ಹಾಜರಿ ಕೂಗುವಾಗ ಹಾಗೇ ಕರೆದರು. ಮಧ್ಯಾಹ್ನ ನಂಜನ ಮೂಗಿಗೆ ಬಾರಿಸಿದೆ. ಎರಡು ವರ್ಷ ನಮ್ಮಿಬ್ಬರಿಗೆ ಮಾತಿಲ್ಲ.

1968ರಲ್ಲಿ ಕಾಲೇಜಿಗೆ ಅಂತ ಇಬ್ಬರೂ ಬೆಂಗಳೂರು ಸೇರಿದೆವು. ಒಂದು ಭಾನುವಾರ ನಂಜ ರೂಮಿನ ಬಾಗಿಲಲ್ಲಿ ನಿಂತ. "ಬೆಳಗಿನ ಆಟಕ್ಕೆ ಟಿಕೆಟ್ ತಗೊಂಡಿದೀನಿ, ಬಾರೋ" ಅಂದ. ಚಿತ್ರ ಚಾಪ್ಲಿನ್‌ನ "ಗೋಲ್ಡ್ ರಷ್", 1925ರದು. ಹಸಿವು ತಾಳದೆ ಬೂಟನ್ನೇ ಬೇಯಿಸಿ ತಿನ್ನುವಾಗ ಥಿಯೇಟರ್ ಹಾರಿಹೋಗುವಷ್ಟು ನಗು. ಆಮೇಲೆ ಹೊಸ ವರ್ಷದ ಹಿಂದಿನ ರಾತ್ರಿ. ಮೇಜು ಸಿಂಗರಿಸಿ, ಊಟಕ್ಕೆ ಕರೆದ ಹುಡುಗಿಗೋಸ್ಕರ ಪಾಪ ಕಾಯ್ತಾನೆ, ಕಾಯ್ತಾನೆ. ಅವಳು ಬರಲೇ ಇಲ್ಲ. ಅಷ್ಟು ಹೊತ್ತು ನಕ್ಕ ಜನ ಗಪ್‌ಚಿಪ್. ನನ್ನ ಪಕ್ಕದಲ್ಲಿ ನಂಜ ಮೂಗು ಒರೆಸಿಕೊಳ್ತಾ ಇದ್ದ. ಅದೇ ಮೂಗು!

ಹೊರಗೆ ಬಂದು ಕಾಫಿ ಕುಡಿಯುವಾಗ "ಬೇಡ ಅಂದ್ರೆ ಆ ಹೆಸರು ಬಿಟ್ಟುಬಿಡ್ತೀನಿ ಕಣೋ" ಅಂದ.

"ನೀನು ಕರಿ. ಬೇರೆಯವರಿಗೆ ಮಾತ್ರ ಹೇಳಿಕೊಡಬೇಡ" ಅಂದೆ.

1975ರಲ್ಲಿ ಇಂಗ್ಲೆಂಡಿನ ರಾಣಿ ಚಾಪ್ಲಿನ್‌ಗೆ 'ಸರ್' ಪದವಿ ಕೊಟ್ಟಳು. ಆಗ ಅವನಿಗೆ 85 ವರ್ಷ. ಸರ್ ಚಾರ್ಲ್ಸ್ ಅಂತ ಬಿರುದೇನೋ ಬಂತು, ಜನ ಮಾತ್ರ ಚಾರ್ಲಿ ಅನ್ನೋದು ಬಿಡಲಿಲ್ಲ. 1977ರ ಡಿಸೆಂಬರ್ 25ಕ್ಕೆ ಅವನು ತೀರಿಕೊಂಡ. ಆ ವಾರವೇ ನಂಜನಿಂದ ಇನ್‌ಲ್ಯಾಂಡ್ ಲೆಟರ್ ಬಂತು. ಒಂದೇ ಸಾಲು: "ಚಾರ್ಲಿ, ನೀನು ಆರೋಗ್ಯವಾಗಿದೀಯಾ?"

ಹೋದ ವರ್ಷ ನಂಜನೂ ಹೋದ. ಈಗ ಮನೆಯಲ್ಲಿ ನಾನು ಅಪ್ಪ, ಬೀದಿಯಲ್ಲಿ ತಾತ, ಪೆನ್ಷನ್ ಕಾಗದದಲ್ಲಿ ಚನ್ನಕೇಶವ. ಚಾರ್ಲಿ ಅನ್ನೋದಕ್ಕೆ ಒಂದು ಬಾಯಿ ಉಳಿದಿಲ್ಲ. ನಂಜ ಕರೆಯದಿದ್ದ ಮೇಲೆ ಆ ಹೆಸರಿನಿಂದ ನನಗೇನಾಗಬೇಕು ಅಂದುಕೊಂಡಿದ್ದೆ. ಮೊನ್ನೆ ಸಂಜೆ ಕಾಲು ತಾನಾಗೇ ನಿಂತಾಗ ಗೊತ್ತಾಯ್ತು.

ನಾಯಿಮರಿಯ ತಲೆ ಸವರಿ ಹುಡುಗನಿಗೆ ಹೇಳಿದೆ:

"ಎಲ್ಲಿ, ಇನ್ನೊಂದ್ಸಲ ಕರಿ ಮರೀ."

"ಚಾರ್ಲೀ...!" ಅಂದ.

ನಾವಿಬ್ಬರೂ ತಿರುಗಿ ನೋಡಿದೆವು.