ಕಾಫಿಪುಡಿಯೂ ಪಟ್ಟಿಯಲ್ಲಿರಲಿ

ಒಂದು ಬೀದಿಯ ಕಷ್ಟ ಮೊದಲು ಗೊತ್ತಾಗುವುದು ಕಿರಾಣಿ ಅಂಗಡಿಯವರಿಗೆ. ಚೀಟಿ ಬರೆದುಕೊಂಡು ಬಂದು ತಿಂಗಳ ಸಾಮಾನು ಕಟ್ಟಿಸುತ್ತಿದ್ದ ಮನೆ ವಾರದ ಸಾಮಾನಿಗೆ ಇಳಿಯುತ್ತದೆ, ಆಮೇಲೆ ದಿನದ ಸಾಮಾನಿಗೆ. ಲೀಟರು ಎಣ್ಣೆ ಕೊಳ್ಳುತ್ತಿದ್ದವರು ಕಾಲು ಲೀಟರು ಕೇಳುತ್ತಾರೆ. ಟೀಪುಡಿ ಐದು ರೂಪಾಯಿಯ ಪೊಟ್ಟಣಕ್ಕೆ ಬಂದು ನಿಲ್ಲುತ್ತದೆ. ಉದ್ರಿ ಪುಸ್ತಕದಲ್ಲಿ ಅವರ ಲೆಕ್ಕ ಒಂದು ಪುಟ ತುಂಬಿ ಇನ್ನೊಂದಕ್ಕೆ ಹೋಗುತ್ತದೆ. ಕೊನೆಗೊಂದು ದಿನ ಆ ಮನೆಯವರು ಅಂಗಡಿಯ ಮುಂದೆ ಹಾಯುವುದನ್ನೇ ಬಿಟ್ಟು ಹಿಂದಿನ ಓಣಿ ಬಳಸಿ ಓಡಾಡತೊಡಗುತ್ತಾರೆ. ಮೈಸೂರಿನ ನಮ್ಮ ಬಡಾವಣೆಯ ಅಂಗಡಿಯಾತ ಯಾರ ಲೆಕ್ಕವನ್ನೂ ಬಾಯಿಬಿಟ್ಟು ಹೇಳುವವರಲ್ಲ. “ಅಕ್ಕಾ, ಆ ಹೊಂಗೆಮರದ ಮನೆ ಕಡೆ ಒಂದ್ಸಲ ಹೋಗ್ಬನ್ನಿ” ಅನ್ನುತ್ತಾರೆ, ಅಷ್ಟೆ. ನಮ್ಮ ಕೆಲಸ ಶುರುವಾಗುವುದು ಅಲ್ಲಿಂದ.

ನಾವೆಂದರೆ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ಒಬ್ಬ ಟೈಲರ್, ಒಬ್ಬ ಆಟೋ ಚಾಲಕ, ಅಂಗನವಾಡಿ ಟೀಚರು, ನಾಲ್ಕಾರು ಕಾಲೇಜು ಮಕ್ಕಳು, ನಾನು. ತಿಂಗಳಿಗೊಮ್ಮೆ ಒಂದೆಡೆ ಕೂತು ಅಕ್ಕಿ, ರಾಗಿಹಿಟ್ಟು, ತೊಗರಿಬೇಳೆ, ಎಣ್ಣೆ, ಬೆಲ್ಲ, ಸಾಬೂನು ಕಟ್ಟಿ ಮನೆಮನೆಗೆ ಮುಟ್ಟಿಸುತ್ತೇವೆ. ದುಡ್ಡು ಬಡಾವಣೆಯವರದೇ; ಇಷ್ಟೇ ಕೊಡಿ ಅಂತ ಯಾರನ್ನೂ ಕೇಳುವುದಿಲ್ಲ. ಬ್ಯಾನರು ಕಟ್ಟುವುದಿಲ್ಲ, ಫೋಟೋ ತೆಗೆಯುವುದಿಲ್ಲ. ಈ ಎರಡರ ಬಗ್ಗೆ ನಾನು ಹಟಮಾರಿ. ದೂರದೂರಿನಲ್ಲಿ ನೆರೆ ಬಂದರೆ ಚೀಲ ಕಳಿಸಿ ಸುಮ್ಮನಿರಬಹುದು. ಪಡೆದವರು ನಮ್ಮ ಮುಖ ನೋಡಿರುವುದಿಲ್ಲ. ಪಕ್ಕದ ಮನೆಗೆ ಕೊಟ್ಟರೆ ಮರುದಿನ ಬೆಳಿಗ್ಗೆ ಹಾಲಿನ ಬೂತಿನಲ್ಲಿ ಇಬ್ಬರೂ ಎದುರಾಗಬೇಕು. ಆಗ ಅವರು ತಲೆ ತಗ್ಗಿಸದೆ “ಏನಮ್ಮ, ತಿಂಡಿ ಆಯ್ತಾ?” ಅಂತ ಕೇಳುವಂತಿರಬೇಕು.

ನಮ್ಮಲ್ಲಿ ನಡೆದ ಅತಿ ದೊಡ್ಡ ಚರ್ಚೆ ಕಾಫಿಪುಡಿಯದು. ಹೊಂಗೆಮರದ ಮನೆಯ ಅಜ್ಜಿಗೆ ಏನು ಬೇಕು ಅಂತ ವಿಚಾರಿಸಿದಾಗ, “ಅಕ್ಕಿ ರೇಷನ್‌ನಲ್ಲಿ ಬರುತ್ತೆ ಕಣಮ್ಮ, ಚೂರು ಕಾಫಿಪುಡಿ ಇದ್ರೆ ತನ್ನಿ” ಅಂದರು. ಸಭೆಯಲ್ಲಿ ಇದನ್ನು ಹೇಳಿದ ಕೂಡಲೇ ಒಬ್ಬರು ತಕರಾರು ತೆಗೆದರು. ಜನ ಕೊಟ್ಟ ದುಡ್ಡು ಹೊಟ್ಟೆಗೆ ಹೋಗಬೇಕು, ಚಟಕ್ಕಲ್ಲ. ಕಾಫಿಪುಡಿಯ ಬೆಲೆಯಲ್ಲಿ ಇನ್ನೊಂದು ಮನೆಗೆ ಬೇಳೆ ಕೊಡಬಹುದು ಎಂಬುದು ಅವರ ವಾದ. ಲೆಕ್ಕದ ದೃಷ್ಟಿಯಿಂದ ತಪ್ಪೇನಲ್ಲ. ಮಾತು ಬಹಳ ಹೊತ್ತು ಎಳೆಯಿತು. ಅಷ್ಟರವರೆಗೂ ಸುಮ್ಮನೆ ಬೇಳೆ ಅಳೆಯುತ್ತಿದ್ದ ಟೈಲರಣ್ಣ ತಲೆ ಎತ್ತಿ, “ಮನೆಗೆ ಯಾರಾದ್ರೂ ಬಂದ್ರೆ ಅಜ್ಜಿ ಏನು ಕೊಡ್ಬೇಕು?” ಅಂತ ಕೇಳಿದರು. ಯಾರಿಗೂ ಉತ್ತರ ಹೊಳೆಯಲಿಲ್ಲ. ಕಾಫಿಪುಡಿ ಪಟ್ಟಿಗೆ ಸೇರಿತು.

ಅಂದಿನಿಂದ ಆ ಮನೆಗೆ ಚೀಲ ಒಯ್ದವರು ಕಾಫಿ ಕುಡಿಯದೆ ಏಳುವಂತಿಲ್ಲ. ನಾವು ಕೊಟ್ಟ ಪುಡಿಯೇ ಇರಬಹುದು. ಆದರೆ ಲೋಟ ಮುಂದಿಟ್ಟು “ಸಕ್ಕರೆ ಸಾಕಾ?” ಅಂತ ವಿಚಾರಿಸುವಾಗ ಮನೆಯ ಯಜಮಾನಿ ಆಕೆ, ನಾವು ಅತಿಥಿಗಳು. ಬಡತನ ಮನುಷ್ಯರಿಂದ ಮೊದಲು ಕಿತ್ತುಕೊಳ್ಳುವುದು ಈ ಆತಿಥ್ಯದ ಹಕ್ಕನ್ನು. ಉಂಡಿರೋ ಬಿಟ್ಟಿರೋ ಹೊರಗಿನವರಿಗೆ ಕಾಣುವುದಿಲ್ಲ. ಬಂದ ನೆಂಟರಿಗೆ ಒಂದು ಲೋಟ ಕಾಫಿ ಕೊಡಲಾಗದಿದ್ದರೆ ಊರಿಗೇ ತಿಳಿಯುತ್ತದೆ. ಆಮೇಲೆ ಅವರೇ ಬಾಗಿಲು ಹಾಕಿಕೊಂಡು ಕೂರುತ್ತಾರೆ.

ಹಿಂದೆ ನಮ್ಮೂರಲ್ಲಿ ವಾರಾನ್ನವಿತ್ತು. ಓದಲು ಬಂದ ಬಡ ಹುಡುಗರಿಗೆ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ಏಳು ಮನೆಯ ಊಟ. ವಾರಾನ್ನ ಉಂಡು ಓದಿದ ಹಿರಿಯರು ನೆನಪು ತೆಗೆದರೆ ಬಡಿಸಿದ ಸಾರು ಪಲ್ಯದ ಮಾತು ಕಡಿಮೆ. ಯಾವ ಮನೆಯಲ್ಲಿ ಮನೆಮಕ್ಕಳ ಪಂಕ್ತಿಯಲ್ಲೇ ಎಲೆ ಹಾಕಿದರು, ಯಾವ ಮನೆಯಲ್ಲಿ ಎಲ್ಲರ ಊಟವಾದ ಮೇಲೆ ಹಿತ್ತಿಲ ಕಡೆ ಕೂರಿಸಿದರು ಎಂಬುದನ್ನು ಮಾತ್ರ ಇಳಿವಯಸ್ಸಿನವರೆಗೂ ಮರೆತಿರುವುದಿಲ್ಲ. ಆ ಔದಾರ್ಯಕ್ಕೆ ಜಾತಿಯ ಬೇಲಿಯೂ ಇತ್ತು. ಎಷ್ಟೋ ಮಕ್ಕಳಿಗೆ ಏಳರಲ್ಲಿ ಒಂದು ಮನೆಯ ಬಾಗಿಲೂ ತೆರೆದಿರಲಿಲ್ಲ. ಮಠಗಳ, ಸಮುದಾಯಗಳ ಉಚಿತ ವಿದ್ಯಾರ್ಥಿನಿಲಯಗಳು ಬಂದು ಆ ಬೇಲಿಯನ್ನು ಅಲ್ಲಲ್ಲಿ ಮುರಿದವು. 2019ರ ಜನವರಿಯಲ್ಲಿ ತೀರಿಕೊಂಡ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಸಿದ್ಧಗಂಗೆಯ ದಾಸೋಹದಲ್ಲಿ ಸಾವಿರಾರು ಮಕ್ಕಳು ಯಾವ ಜಾತಿಯೆಂದು ಕೇಳಿಸಿಕೊಳ್ಳದೆ ಉಂಡು ಓದಿದರು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಬೇಲಿ ಪೂರ್ತಿ ಬಿದ್ದಿಲ್ಲ. ಚೀಲವನ್ನು ಹೊರಗಿನಿಂದಲೇ ಜಗುಲಿಗಿಟ್ಟು ಬರಬಯಸುವವರು ಈಗಲೂ ಇದ್ದಾರೆ. ಯಾರ ಮನೆಯಲ್ಲಿ ಕೂತು ನೀರು ಕುಡಿಯಲಾರಿರೋ ಅವರ ಮನೆಗೆ ಅಕ್ಕಿ ಒಯ್ಯಬೇಡಿ ಎಂಬುದು ನಮ್ಮ ಗುಂಪಿನ ನಿಯಮ. ಆ ನಿಯಮ ಕೇಳಿ ದೂರ ಸರಿದವರೂ ಉಂಟು. ಸರಿಯಲಿ.

2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಾಗ ನಮ್ಮ ಪಟ್ಟಿ ತಲೆಕೆಳಗಾಯಿತು. ಅಷ್ಟು ದಿನ ನಮಗೆ ತಿಂಗಳಿಗಿಷ್ಟು ಅಂತ ಕೊಡುತ್ತಿದ್ದವರಲ್ಲೇ ಕೆಲವರು ಕೈ ಖಾಲಿಯಾಗಿ ಕೂತರು: ಖಾಸಗಿ ಶಾಲೆಯ ಮೇಷ್ಟ್ರು, ಮದುವೆಮನೆ ಅಡುಗೆಯವರು, ವಾಲಗದವರು, ಫೋಟೋ ಸ್ಟುಡಿಯೋದವರು. ಮುಖ್ಯರಸ್ತೆಯಲ್ಲಿ ಕಿಟ್ ಹಂಚುವ ಲಾರಿ ನಿಂತರೆ ಇವರು ಯಾರೂ ಸಾಲಿಗೆ ಬರುತ್ತಿರಲಿಲ್ಲ. ಮನೆಗೆ ಒಯ್ದರೂ “ನಮಗಿಂತ ಕಷ್ಟದಲ್ಲಿರೋರಿಗೆ ಕೊಡಿ” ಅಂತ ಕೈ ಮುಗಿಯುತ್ತಿದ್ದರು. ದಾರಿ ತೋರಿಸಿದವರು ಅಂಗಡಿಯಾತ. ಉದ್ರಿ ಬಾಕಿಯಲ್ಲಿ ಒಂದಷ್ಟನ್ನು ನಾವು ತೀರಿಸುವುದು. ಅವರು ಮನೆಗೆ ಫೋನ್ ಮಾಡಿ, “ನಿಮ್ಮ ಲೆಕ್ಕಕ್ಕೆ ಸ್ವಲ್ಪ ಜಮಾ ಆಗಿದೆ ಮೇಷ್ಟ್ರೇ, ಸಾಮಾನು ತಗೊಂಡು ಹೋಗಿ” ಅನ್ನುವುದು. ಯಾರು ಕಟ್ಟಿದರು ಅಂತ ಮೇಷ್ಟ್ರು ಕೇಳಲಿಲ್ಲ, ಇವರು ಹೇಳಲಿಲ್ಲ. ತಮಗೆ ಬೇಕಾದ ಬೇಳೆಯನ್ನು ತಾವೇ ಆರಿಸಿ, ತಮ್ಮದೇ ಚೀಲದಲ್ಲಿ ತುಂಬಿಕೊಂಡು ಹೋದರು. ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಚೀಲ ಹೊರುವುದು ಈ ಕೆಲಸದ ಸಣ್ಣ ಭಾಗ. ದೊಡ್ಡ ಭಾಗ ಕಾಗದದ್ದು. 2013ರ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕಾರ್ಡಿನಲ್ಲಿ ತಲೆಗೆ ಐದು ಕಿಲೋ ಧಾನ್ಯ ಸಿಗಬೇಕು. ಆದರೆ ಜೀವಮಾನವಿಡೀ ಪಾತ್ರೆ ತಿಕ್ಕಿ, ಬಟ್ಟೆ ಒಗೆದು ಸವೆದ ಬೆರಳನ್ನು ಪಡಿತರ ಅಂಗಡಿಯ ಯಂತ್ರ ಗುರುತು ಹಿಡಿಯುವುದಿಲ್ಲ. ಅರವತ್ತೈದು ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಅದಕ್ಕೆ ವಯಸ್ಸಿನ ದಾಖಲೆ ಬೇಕು, ಆದಾಯ ಪತ್ರ ಬೇಕು, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ಆಧಾರಿನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಇದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಲಕ್ಷ್ಮಮ್ಮ ಎಲ್ಲೋ ಲಕ್ಷ್ಮೀದೇವಮ್ಮ ಆಗಿರುತ್ತಾರೆ. ನಾಡಕಚೇರಿಗೂ ಬ್ಯಾಂಕಿಗೂ ಆಕೆಯ ಜೊತೆ ಓಡಾಡಿ ಅದನ್ನು ಸರಿಪಡಿಸಿಕೊಟ್ಟರೆ, ವರ್ಷಗಟ್ಟಲೆ ಚೀಲ ಕೊಟ್ಟದ್ದಕ್ಕಿಂತ ಹೆಚ್ಚಿನ ಉಪಕಾರ. ಅದು ದಾನವಲ್ಲ, ಆಕೆಗೆ ಸಲ್ಲಬೇಕಾದದ್ದು ಸಂದಂತೆ. ನಮ್ಮ ಬ್ಯಾಂಕಿನ ಹಿರಿಯರು ಈ ಕೆಲಸದಲ್ಲಿ ಗಟ್ಟಿಗರು. ಒಂದು ಅರ್ಜಿ ಮಂಜೂರಾದ ದಿನ ಅವರ ನಡಿಗೆಯೇ ಬೇರೆ.

ಇನ್ನು ಅಕ್ಕಿಯಿಂದಲೂ ಅರ್ಜಿಯಿಂದಲೂ ತೀರದ ಕಷ್ಟವೊಂದಿದೆ. ಹಾಸಿಗೆ ಹಿಡಿದವರದು, ಅವರನ್ನು ಒಬ್ಬರೇ ನೋಡಿಕೊಳ್ಳುತ್ತಿರುವವರದು. ನೆರೆಯ ಕೇರಳದವರು ಇದರಲ್ಲಿ ನಮಗಿಂತ ಬಹಳ ಮುಂದಿದ್ದಾರೆ. 1993ರಲ್ಲಿ ಕೋಳಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತವರ ಜೊತೆಗಾರರು ವಾಸಿಯಾಗದ ಕಾಯಿಲೆಯವರ ನೋವು ಕಡಿಮೆ ಮಾಡುವ ಸಣ್ಣ ಚಿಕಿತ್ಸಾಲಯ ತೆರೆದರು. ರೋಗಿಗಳು ಇರುವುದು ಮನೆಯಲ್ಲಿ, ಅವರ ಹಸಿವು, ಒಂಟಿತನ, ಮಕ್ಕಳ ಫೀಸಿನ ಚಿಂತೆ ಯಾವುದಕ್ಕೂ ಆಸ್ಪತ್ರೆಯಲ್ಲಿ ಔಷಧಿಯಿಲ್ಲ. ಹಾಗಾಗಿ ಕೆಲಸವನ್ನು ನೆರೆಹೊರೆಯವರ ಕೈಗೇ ಕೊಟ್ಟರು. ವಾರಕ್ಕೆ ಒಂದೆರಡು ಗಂಟೆ ಕೊಡಬಲ್ಲ ಸಾಮಾನ್ಯ ಜನ ತರಬೇತಿ ಪಡೆದು ದಾದಿಯರೊಂದಿಗೆ ಮನೆಮನೆಗೆ ಹೋಗತೊಡಗಿದರು. ಅದು ಮಲಪ್ಪುರಂ ಸುತ್ತಮುತ್ತ ಊರೂರಿಗೆ ಹಬ್ಬಿತು. 2008ರಲ್ಲಿ ಕೇರಳ ಸರ್ಕಾರ ಇದಕ್ಕೆಂದೇ ನೀತಿ ರೂಪಿಸಿತು.

ನಾವಿನ್ನೂ ಅಲ್ಲಿಗೆ ಮುಟ್ಟಿಲ್ಲ. ಪಾರ್ಶ್ವವಾಯು ಬಡಿದ ಗಂಡನನ್ನು ನೋಡಿಕೊಳ್ಳುವ ಹೆಂಗಸೊಬ್ಬಳು ನಮ್ಮ ಹಿಂದಿನ ಬೀದಿಯಲ್ಲಿದ್ದಾಳೆ. ಏನು ಬೇಕಮ್ಮ ಅಂದರೆ, “ಅರ್ಧ ದಿನ ಇವ್ರ ಹತ್ರ ಯಾರಾದ್ರೂ ಕೂತಿದ್ರೆ ತಂಗಿ ಮನೆಗೆ ಹೋಗ್ಬರ್ತಿದ್ದೆ” ಅಂದಳು. ಕಳೆದ ಸಭೆಯಲ್ಲಿ ಇದನ್ನು ಹೇಳಿದೆ. ಮಗುಚಿ ಮಲಗಿಸುವುದು, ಗಂಟಲಿಗೆ ಸಿಕ್ಕದಂತೆ ಗಂಜಿ ಕುಡಿಸುವುದು ಗೊತ್ತಿರಬೇಕಾದ ಕೆಲಸ. ಬಿ.ಎಸ್ಸಿ. ನರ್ಸಿಂಗ್ ಓದುವ ಹುಡುಗಿಯೊಬ್ಬಳು ಹೇಳಿಕೊಡುತ್ತೇನೆ ಅಂದಿದ್ದಾಳೆ. ಭಾನುವಾರಗಳಿಗೆ ಆಟೋದ ಅಣ್ಣನ ಹೆಸರು, ಬುಧವಾರಕ್ಕೆ ನನ್ನದು ಬರೆದಿದೆ. ಶುಕ್ರವಾರಕ್ಕೆ ಒಬ್ಬರು ಬೇಕು.