ನೀರಿನ ಊರಿಗೆ ನಿಡೋಣಿಯಿಂದ

ಬಬಲೇಶ್ವರ ತಾಲ್ಲೂಕಿನ ನಿಡೋಣಿಯಲ್ಲಿ ಬೆಳೆದವರಿಗೆ ನೀರೆಂದರೆ ಲೆಕ್ಕದ ವಸ್ತು. ಮನೆಗೆ ಇಷ್ಟು ಕೊಡ, ದನಕ್ಕೆ ಇಷ್ಟು ಕೊಡ. ವಿಜಯಪುರ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಡೋಣಿ ನದಿಯ ನೀರೋ ಉಪ್ಪು. ಇಂಥ ಊರಿನವನಾದ ನಾನು, ಮಗಳನ್ನು ಕಾಲೇಜಿಗೆ ಸೇರಿಸುವ ನೆಪದಲ್ಲಿ ಮೊದಲ ಬಾರಿಗೆ ಕಡಲ ದಂಡೆಯ ಪಟ್ಟಣವೊಂದನ್ನು ಕಂಡೆ. ಅದು ಮಂಗಳೂರು.

ವಿಜಯಪುರದಲ್ಲಿ ಮಧ್ಯಾಹ್ನ ರೈಲು ಹತ್ತಿದೆವು. ಹುಬ್ಬಳ್ಳಿ ಬರುವಷ್ಟರಲ್ಲಿ ರಾತ್ರಿ. ಸಕಲೇಶಪುರ ದಾಟಿದ ಮೇಲೆ ಘಟ್ಟದ ಇಳಿಜಾರು, 50ಕ್ಕೂ ಹೆಚ್ಚು ಸುರಂಗಗಳು. ಬೆಳಕು ಹರಿದಾಗ ಹೊರಗೆಲ್ಲ ಹಸಿರೋ ಹಸಿರು. ಬಂಟ್ವಾಳದ ಹತ್ತಿರ ರೈಲು ನೇತ್ರಾವತಿಯನ್ನು ದಾಟಿತು. ಮುಂಗಾರಿನ ಮೊದಲ ಮಳೆಗೆ ನದಿ ಕೆಂಪಗಾಗಿತ್ತು.

ಊರಿನ ಮಳೆಯನ್ನು ಮನೆಯ ಚಾವಣಿ ಹೇಳುತ್ತದೆ. ನಮ್ಮ ಕಡೆಯ ಹಳೆಯ ಮನೆಗಳಿಗೆ ಮಣ್ಣಿನ ಮೇಲ್ಮುದ್ದೆ. ಮೇಲೆ ಜೋಳ ಹರವಿ ಒಣಗಿಸಬಹುದು. ಮಂಗಳೂರಿನ ಹಳೆಯ ಮನೆಗಳಿಗೆ ಇಳಿಜಾರಾದ ಕೆಂಪು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮುಂದೆ ಆ ಹೆಂಚು ಊರಿನ ಹೆಸರಿನಲ್ಲೇ ದೇಶವಿದೇಶಕ್ಕೆ ಹೋಯಿತು. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವಲ್ಲಿ ಮೇಲ್ಮುದ್ದೆ ಎಷ್ಟು ದಿನ ಬಾಳೀತು?

ಕಾಲೇಜಿನ ಕೆಲಸ ಮುಗಿಸಿ ಸುಲ್ತಾನ್ ಬತ್ತೇರಿಗೆ ಹೋದೆವು. ವೈರಿಗಳ ಹಡಗು ಗುರುಪುರ ನದಿಯೊಳಗೆ ನುಗ್ಗದಂತೆ ಟಿಪ್ಪು ಸುಲ್ತಾನ 1784ರಲ್ಲಿ ಕಟ್ಟಿಸಿದ ಕರಿಕಲ್ಲಿನ ಕಾವಲು ಬುರುಜು ಅದು. ಗೋಳಗುಮ್ಮಟ ಕಂಡ ಕಣ್ಣಿಗೆ ಪುಟ್ಟದೆನಿಸಿದರೆ ತಪ್ಪಿಲ್ಲ. ಅಲ್ಲಿಂದ ದೋಣಿಯಲ್ಲಿ ಹೊಳೆ ದಾಟಿದರೆ ಆಚೆ ದಡದ ಹೆಸರು ತಣ್ಣೀರುಬಾವಿ! ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಕಡಲು. ಇಷ್ಟು ನೀರಿನ ನಡುವೆಯೂ ಜನ ಊರಿಗೆ ಬಾವಿಯ ಹೆಸರಿಟ್ಟಿದ್ದಾರಲ್ಲ ಎಂದು ನನಗೆ ಸೋಜಿಗ.

ಮಗಳು ಅಲೆಗೆ ಕೈಯೊಡ್ಡಿ, ಬೆರಳನ್ನು ನಾಲಿಗೆಗೆ ಮುಟ್ಟಿಸಿ ಮುಖ ಕಿವುಚಿದಳು. ‘ಅಪ್ಪಾ, ಇಷ್ಟ ನೀರೈತಿ, ಒಂದ ಚರಿಗಿ ಕುಡ್ಯಾಕ ಬರಂಗಿಲ್ಲ!’

ಮರಳುವಾಗ ದೋಣಿಯಲ್ಲಿದ್ದ ಹಿರಿಯರೊಬ್ಬರಿಗೆ ‘ನಿಮ್ಮದು ಪುಣ್ಯದ ಊರ ರೀ, ನೀರಿನ ಚಿಂತಿನ ಇಲ್ಲ’ ಎಂದೆ. ಅವರು ನಕ್ಕರು. ‘ನೀವು ಮೇ ತಿಂಗಳಲ್ಲಿ ಬರ್ಬೇಕಿತ್ತು ಮಾರಾಯ್ರೆ, ಆಗ ಗೊತ್ತಾಗ್ತಿತ್ತು.’

ಅವರ ಮಾತಿನ ಅರ್ಥ ಆಮೇಲೆ ತಿಳಿಯಿತು. ಮಂಗಳೂರು ಕುಡಿಯುವುದು ನೇತ್ರಾವತಿಯ ನೀರನ್ನು. ಅದಕ್ಕಾಗಿ ತುಂಬೆಯಲ್ಲಿ ಕಿಂಡಿ ಅಣೆಕಟ್ಟು ಕಟ್ಟಿದ್ದಾರೆ. ಮಳೆಗಾಲದಲ್ಲಿ ಕಿಂಡಿ ತೆರೆದು ನೆರೆಯನ್ನು ಹೋಗಗೊಡುತ್ತಾರೆ, ಮಳೆ ನಿಂತ ಮೇಲೆ ಮುಚ್ಚಿ ನೀರು ನಿಲ್ಲಿಸುತ್ತಾರೆ. ಮಳೆಯಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಕಡಲು ಸೇರುತ್ತದೆ. ಬೇಸಗೆಯಲ್ಲಿ ನದಿ ಸೊರಗುತ್ತದೆ. 2016ರಲ್ಲಿ, ಮತ್ತೆ 2019ರಲ್ಲಿ ನಗರಕ್ಕೆ ನೀರನ್ನು ಪಾಳಿಯಂತೆ ಬಿಡಬೇಕಾಯಿತು. ನಮಗಿಂತ ಸುಮಾರು ಆರು ಪಟ್ಟು ಮಳೆ ಬೀಳುವ ಊರಿನ ಕತೆ ಇದು!

ಸಂಜೆ ಮಗಳನ್ನು ಹಾಸ್ಟೆಲಿನಲ್ಲಿ ಬಿಟ್ಟೆ. ನಲ್ಲಿಯ ಕೆಳಗೆ ಬಕೆಟು ತುಂಬಿ ಚೆಲ್ಲುತ್ತಿತ್ತು. ನಾನು ಹೇಳುವ ಮೊದಲೇ ಅವಳು ಓಡಿಹೋಗಿ ನಲ್ಲಿ ತಿರುಗಿಸಿದಳು. ‘ಊರಿನ ರೂಢಿ’ ಎಂದು ನಕ್ಕಳು. ನನಗೆ ಗಂಟಲು ಕಟ್ಟಿತು.

ಈಗ ಏತ ನೀರಾವರಿಯಿಂದ ಕೃಷ್ಣೆಯ ನೀರು ನಮ್ಮ ಬಬಲೇಶ್ವರ ಸೀಮೆಯ ಕೆರೆಗಳಿಗೂ ಬಂದಿದೆ. ಸಂತೋಷವೇ. ಆದರೆ ನೀರು ಬಂದ ಮೇಲೆ ಕೊಡದ ಲೆಕ್ಕ ಮರೆಯುವುದು ಸುಲಭ. ದೂರದ ಊರಿಗೆ ಓದಲು ಹೋಗುವ ಮಕ್ಕಳ ಗಂಟಿನಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ಜೊತೆಗೆ ಆ ಲೆಕ್ಕವನ್ನೂ ಕಟ್ಟಿ ಕಳಿಸಿದರೆ ಭಾರವೇನೂ ಆಗದು.