ಅಲಂಕಾರವಲ್ಲದ ಸಾಲು

ಹೈಸ್ಕೂಲಿನಲ್ಲಿ ನಮಗೆ ಉಪಮೆ ಕಲಿಸಿದ್ದು ಕಮಲದಿಂದ. ಮುಖ ಉಪಮೇಯ, ಕಮಲ ಉಪಮಾನ, ಅರಳುವುದು ಸಮಾನಧರ್ಮ, 'ಅಂತೆ' ಎಂಬುದು ವಾಚಕ. ನಾಲ್ಕನ್ನೂ ಬಾಯಿಪಾಠ ಮಾಡಿ ಮಾರ್ಕು ತೆಗೆದೆವು. 'ಅಂತೆ' ಬಿದ್ದುಹೋಗಿ ಮುಖವೇ ಕಮಲವಾದರೆ ರೂಪಕ ಎಂದೂ ಬರೆದೆವು. ಕಮಲ ಇದ್ದದ್ದು ಊರ ಕೆರೆಯಲ್ಲಿ. ಆ ಕೆರೆಯ ಮೆಟ್ಟಿಲು ನಮ್ಮ ಕೇರಿಯವರದಲ್ಲ. ಏರಿ ಮೇಲಿಂದ ಕಂಡ ಹೂವಿಗೆ ನಮ್ಮವ್ವನ ಮುಖ ಹೋಲಿಸಿ ನೋಡಿದೆವು. ಹೋಲಲಿಲ್ಲ.

ಅವ್ವನಿಗೆ ಅಕ್ಷರ ಬಾರದು. ಬಾಯಿಬಿಟ್ಟರೆ ಅಲಂಕಾರವೇ. 'ನಿಮ್ಮಪ್ಪನ ಸಾಲ ಸೀಮೆಜಾಲಿ ಕಣ್ಲಾ, ಕಡಿದಷ್ಟೂ ಚಿಗುರ್ತದೆ' ಅಂದರೆ ರೂಪಕ. 'ಧಣೇರ ಮಾತು ಬ್ಯಾಸ್ಗೆ ಮೋಡ ಇದ್ದಂಗೆ' ಅಂದರೆ ಲುಪ್ತೋಪಮೆ. ಮಳೆಯಿಲ್ಲ ಎಂಬ ಸಮಾನಧರ್ಮವನ್ನು ಅವಳು ಹೇಳುವುದೇ ಬೇಡ, ಕೇರಿಗೆಲ್ಲ ಗೊತ್ತು.

ಕನ್ನಡಕ್ಕೆ ಅಲಂಕಾರ ಹೇಳಿಕೊಟ್ಟ ಕವಿರಾಜಮಾರ್ಗ ಸುಮಾರು ಕ್ರಿ.ಶ. 850ರದು. ದಂಡಿಯ ಕಾವ್ಯಾದರ್ಶವನ್ನು ಮುಂದಿಟ್ಟುಕೊಂಡು ಬರೆದ, ರಾಷ್ಟ್ರಕೂಟರ ಆಸ್ಥಾನದ ಗ್ರಂಥ. ಓದು ಕಲಿಯದೆಯೂ ಕಾವ್ಯ ಬಲ್ಲವರು ಈ ನಾಡಿನ ಜನ ಎಂದು ಅದೇ ಹೇಳುತ್ತದೆ. ಹಾಗಾದರೆ ನಮ್ಮವ್ವನ ಮಾತು ವ್ಯಾಕರಣದ ಪುಸ್ತಕಕ್ಕೆ ಯಾಕೆ ಬರಲಿಲ್ಲ?

ಕಾಲೇಜಿನ ಕವಿಗೋಷ್ಠಿಯಲ್ಲಿ ನಾವೊಂದು ಪದ್ಯ ಓದಿದೆವು. ಅಪ್ಪ ಚಪ್ಪಲಿಯನ್ನು ಕೈಲಿ ಹಿಡಿದು ಊರ ದೊಡ್ಡ ಬೀದಿ ದಾಟಿದ ಎಂಬ ಸಾಲು ಅದರಲ್ಲಿತ್ತು. ಅಧ್ಯಾಪಕರೊಬ್ಬರು ಮೆಚ್ಚಿ, 'ವಿನಯಕ್ಕೆ ಎಂಥ ಒಳ್ಳೆ ಪ್ರತಿಮೆ!' ಅಂದರು. ನಮಗೆ ನಾಲಿಗೆ ಹೊರಳಲಿಲ್ಲ. ಪ್ರತಿಮೆ ಅಲ್ಲ ಸಾರ್, ಅದು ನಮ್ಮಪ್ಪ, ಅದು ಚಪ್ಪಲಿ ಎಂದು ಹೇಳಬೇಕಿತ್ತು. ನಡೆದದ್ದನ್ನು ಅಲಂಕಾರವೆಂದು ಓದಿಬಿಟ್ಟರೆ ಅದಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ.

ತಪ್ಪು ನಮ್ಮದೂ ಉಂಟು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ ಮೇಲೆ ಬೆಂಕಿ, ಖಡ್ಗ, ಕೆಂಪು ಸೂರ್ಯ ಎಷ್ಟು ಪದ್ಯಗಳಲ್ಲಿ ಬಂದವೆಂದರೆ ಅವೂ ಕಮಲದ ಹಾಗೆ ಬಾಯಿಪಾಠವಾದವು. ನಾವೂ ನಾಳೆ ನಮ್ಮ ಸೂರ್ಯ ಹುಟ್ಟುತ್ತಾನೆ ಎಂದು ಬರೆದು ಅವ್ವನಿಗೆ ಓದಿ ಹೇಳಿದೆವು. 'ಹುಟ್ಟಿದ್ರೆ ಕೂಲಿಗೆ ಹೋಗ್ಬೇಕಲ್ಲ ಮಗ' ಅಂದಳು. ಆ ಹಾಳೆ ಹರಿದು ಹಾಕಿದೆವು.

ಹಳ್ಳಿ ಶಾಲೆಯ ಮೇಷ್ಟ್ರೇ, ಉಪಮೆಯ ಪಾಠ ಮಾಡುವ ದಿನ ಮಕ್ಕಳನ್ನು ಕೇಳಿ: ನಿಮ್ಮವ್ವ ಸಾಲವನ್ನು ಏನೆಂದು ಕರೀತಾಳೆ? ಹಸಿವನ್ನು ಯಾವುದಕ್ಕೆ ಹೋಲಿಸ್ತಾಳೆ? ನಾಲ್ಕು ಅಂಗಗಳನ್ನು ಆಮೇಲೆ ಬಿಡಿಸಿ ಹೇಳಿ. ಯಾವುದಾದರೂ ಮಗು ಕೈಲಿ ಹಿಡಿದ ಚಪ್ಪಲಿಯ ಮಾತೆತ್ತಿದರೆ, ಅದು ಯಾವ ಅಲಂಕಾರ ಎಂದು ಮಾತ್ರ ಕೇಳಬೇಡಿ. ಯಾವ ಬೀದಿ ಎಂದು ಕೇಳಿ.